ಬಾಲಿಯ ದೇವಸ್ಥಾನಕ್ಕೆ ಪಂಚೆ ಸಾಕೇ?

ಕಾಫಿ ಕೊಯ್ಲು ಮುಗಿಸಿ ಮಾರ್ಚಿನಲ್ಲಿ ತಂದೆ ತಾಯಿಯೊಂದಿಗೆ ಬಾಲಿಗೆ ಹೊರಟಿದ್ದೀರಿ, ದೇವಸ್ಥಾನಗಳಿಗೆ ಪಂಚೆ ಸಾಕೇ ಎಂದು ಕೇಳಿದ್ದೀರಿ. ಪಂಚೆ ನಡೆಯುತ್ತದೆ, ಆದರೆ ಸೊಂಟಕ್ಕೊಂದು ವಸ್ತ್ರವನ್ನೂ ಬಿಗಿಯಬೇಕು. ಕುಪ್ಯದ (ಕೊಡವರ ನಿಲುವಂಗಿ) ಮೇಲೆ ಸೊಂಟಕ್ಕೆ ಚೇಲೆ ಎಂಬ ವಸ್ತ್ರ ಕಟ್ಟುವ ನಮಗೆ ಇದೇನು ಹೊಸದಲ್ಲ.

ಬೆಳಿಗ್ಗೆ ಬೀದಿಯಲ್ಲಿ ನಡೆಯುವಾಗ ಕಣ್ಣು ನೆಲದ ಮೇಲಿರಲಿ. ಅಂಗಡಿ, ಮನೆಗಳ ಮುಂದೆ ಅಂಗೈಯಗಲದ ತೆಂಗಿನ ಗರಿಯ ತಟ್ಟೆಯಲ್ಲಿ ದೇವರಿಗೆಂದು ಹೂವು, ಚಿಟಿಕೆ ಅನ್ನ, ಹೊಗೆಯಾಡುವ ಊದುಬತ್ತಿ ಇಟ್ಟಿರುತ್ತಾರೆ. ಕೆಲವೊಮ್ಮೆ ಬಿಸ್ಕತ್ತೂ ಉಂಟು. ದಾಟಬೇಡಿ, ಬಳಸಿಕೊಂಡು ಹೋಗಿ. ನಾನು ಮೊದಲ ದಿನವೇ ಒಂದನ್ನು ತುಳಿದು, ಅಂಗಡಿಯ ಅಜ್ಜಿಯ ಮುಂದೆ ಕೈಮುಗಿದು ನಿಂತಿದ್ದೆ.

ಟಿಕೆಟ್ ತೆಗೆಯುವ ಮೊದಲು ನ್ಯೇಪಿ ಎಂದು ಬರುತ್ತದೆ ನೋಡಿ. ಅಲ್ಲಿನ ಶಕ ವರ್ಷದ ಈ ಮೊದಲ ದಿನ ಸಾಮಾನ್ಯವಾಗಿ ಮಾರ್ಚಿನಲ್ಲೇ ಬೀಳುತ್ತದೆ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಬರುವಂತಿಲ್ಲ. 2024ರ ಫೆಬ್ರವರಿಯಿಂದ ವಿದೇಶಿಯರಿಗೆ ತಲಾ 1,50,000 ರುಪಿಯಾ ಶುಲ್ಕವಿದೆ, ವೀಸಾ ಬೇರೆ. ಉಲುವಾಟು ದೇವಸ್ಥಾನದಲ್ಲಿ ತಂದೆಯವರ ಕನ್ನಡಕ ಜೋಪಾನ. ಕೋತಿಗಳು ಕಸಿದುಕೊಂಡು, ತಿನ್ನಲು ಕೊಟ್ಟರಷ್ಟೇ ಬಿಡುತ್ತವೆ.

ಪುನುಗು ಬೆಕ್ಕಿನ ಹಿಕ್ಕೆಯಲ್ಲಿ ಸಿಗುವ ಬೀಜದ ಲುವಾಕ್ ಕಾಫಿ ಕುಡಿಯಿರೆಂದು ಎಲ್ಲರೂ ಎಳೆಯುತ್ತಾರೆ. ಪುನುಗು ಬೆಕ್ಕು ಹಣ್ಣು ತಿಂದು ಬೀಜ ಹಾಕುವುದು ನಮ್ಮ ತೋಟದಲ್ಲೂ ಇದ್ದದ್ದೇ. ಅಲ್ಲಿ ಎಷ್ಟೋ ಕಡೆ ಅವನ್ನು ಪಂಜರದಲ್ಲಿ ಕೂಡಿಟ್ಟಿರುತ್ತಾರೆ. ನಾನಂತೂ ಕುಡಿಯಲಿಲ್ಲ.