ಜೋಡಿಪಟ್ಟಿ ಸಾಕು, ಚಾರ್ಲಿಯನ್ನು ತೋರಿಸಿ

ಸಿದ್ದಾಪುರದ ಲೇಖಕಿಯವರಿಗೆ ನಮಸ್ಕಾರ.

ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’ (1966) ಕಾದಂಬರಿಗೂ ಬೈಬಲ್ಲಿನ ಆದಾಮ ಹವ್ವರ ಕಥೆಗೂ ಇರುವ ಹೋಲಿಕೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯವನ್ನು ಮಾತ್ರ ಬಿಡಬೇಡಿ.

ನೀವು ಬರೆದಿರುವುದು ಲೇಖನ ಅಲ್ಲ, ಪಟ್ಟಿ. ಬುದ್ಧಿ ಕಡಿಮೆಯಿರುವ ನಾಯಕ ಚಾರ್ಲಿಗೆ ಮಾಡುವ ಬುದ್ಧಿ ಹೆಚ್ಚಿಸುವ ಆಪರೇಷನ್ ಅಂದ್ರೆ ದೇವರು ತಿನ್ನಬೇಡಿ ಅಂದ ತಿಳುವಳಿಕೆಯ ಹಣ್ಣು, ಡಾಕ್ಟರು ಅಂದ್ರೆ ಅದನ್ನು ತಿನ್ನಲು ಪುಸಲಾಯಿಸಿದ ಸರ್ಪ, ಅವನು ಕೆಲಸ ಮಾಡುವ ಬೇಕರಿ ಅಂದ್ರೆ ಏದೆನ್ ತೋಟ. ಹೀಗೆ ಸುಮ್ನೆ ಜೋಡಿಸುತ್ತಾ ಹೋದರೆ ಯಾವ ಕಥೆಗೆ ಯಾವ ಕಥೆ ಬೇಕಾದರೂ ಹೊಂದುತ್ತದೆ, ಅಲ್ವಾ? ಸರ್ಪದ ಜೋಡಿಯಂತೂ ಕೂಡುವುದೇ ಇಲ್ಲ. ಚಾರ್ಲಿಯನ್ನು ಯಾರೂ ಪುಸಲಾಯಿಸಲಿಲ್ಲ. ಜಾಣನಾಗಬೇಕು ಅಂತ ಅವನಿಗೇ ಆಸೆ. ಆ ಆಸೆ ಹಚ್ಚಿದ್ದು ಹೆತ್ತ ತಾಯಿ. ಅಂದ ಹಾಗೆ, ಈ ಕಥೆ ಬರುವ ಬೈಬಲ್ಲಿನ ಆದಿಕಾಂಡದಲ್ಲಿ ಆ ಹಣ್ಣು ಸೇಬು ಅಂತ ಎಲ್ಲೂ ಇಲ್ಲ. ತಿದ್ದಿಕೊಳ್ಳಿ.

ಬೇಕರಿಯಲ್ಲಿ ಜೊತೆಗೆ ಕೆಲಸ ಮಾಡುವ ಫ್ಯಾನಿ ಚಾರ್ಲಿಯ ಮುಂದೆ ಹವ್ವಳ ಮಾತು ಎತ್ತುವುದನ್ನು ನೀವೇ ಪತ್ತೆಹಚ್ಚಿದ ಹಾಗೆ ಬರೆದಿದ್ದೀರಿ. ಅದನ್ನು ಕಾದಂಬರಿಕಾರನೇ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾನೆ. ಅವನು ಬಾಯಿಬಿಟ್ಟು ಹೇಳದ ಕಡೆ ನೋಡಿ.

ಪಾರ್ಟಿಯ ಪುಟ ತೆಗೆಯಿರಿ. ಚಾರ್ಲಿಗೆ ಆಗಷ್ಟೇ ಬುದ್ಧಿ ಬಲಿಯುತ್ತಿದೆ. ಜೊತೆ ಕೆಲಸದವರು ಅವನನ್ನು ಒಬ್ಬ ಹುಡುಗಿ ಜೊತೆ ಕುಣಿಸುತ್ತಾರೆ, ಕಾಲು ಅಡ್ಡ ಕೊಟ್ಟು ಬೀಳಿಸುತ್ತಾರೆ, ನಗುತ್ತಾರೆ. ಮೊದಲಾದರೆ ಅವನೂ ಜೊತೆಗೇ ನಗುತ್ತಿದ್ದ. ಈಗ ಗೊತ್ತಾಗಿಬಿಡುತ್ತದೆ. ಮೈಮೇಲೆ ಬಟ್ಟೆಯೇ ಇಲ್ಲ ಅನಿಸುತ್ತದೆ, ಎಲ್ಲಾದರೂ ಅಡಗಿಕೊಳ್ಳೋಣ ಅನಿಸುತ್ತದೆ. ಹೊರಗೆ ಓಡಿ ವಾಂತಿ ಮಾಡುತ್ತಾನೆ. ಈಗ ಆದಿಕಾಂಡದ 3ನೇ ಅಧ್ಯಾಯ ಓದಿ. ಹಣ್ಣು ತಿಂದವರಿಗೆ ಮೊದಲು ತಿಳಿದದ್ದು ಲೋಕದ ಗುಟ್ಟೇನೂ ಅಲ್ಲ, ತಾವು ಬೆತ್ತಲೆ ಅನ್ನುವುದು. ಅಂಜೂರದ ಎಲೆ ಹೊಲಿದುಕೊಂಡರು, ಮರಗಳ ನಡುವೆ ಬಚ್ಚಿಟ್ಟುಕೊಂಡರು. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು. ನೀವು ಇದಕ್ಕೆ ಒಂದೂವರೆ ಸಾಲು ಕೊಟ್ಟಿದ್ದೀರಿ.

ಇನ್ನು, ಎರಡು ಕಥೆ ಬೇರೆಯಾಗುವ ಜಾಗವನ್ನು ನೀವು ಮುಟ್ಟೇ ಇಲ್ಲ. ನನಗೆ ಜಾಸ್ತಿ ಬೇಸರವಾದದ್ದು ಇದಕ್ಕೇ. ಆದಾಮ ಹವ್ವ ತೋಟ ಬಿಟ್ಟರೂ ತಿಳುವಳಿಕೆ ಅವರ ಜೊತೆಗೇ ಹೋಯಿತು. ಚಾರ್ಲಿಗೆ ಬಂದ ಬುದ್ಧಿ ವಾಪಸ್ ಹೋಗುತ್ತದೆ. ಒಮ್ಮೆ ಮೆಚ್ಚಿದ್ದ ಇಂಗ್ಲಿಷ್ ಕವಿ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’, ಅದೇ ಆದಾಮನ ಕಥೆ, ತಲೆಬುಡ ಅರ್ಥವಾಗದೆ ಸಿಟ್ಟಿನಿಂದ ಎಸೆಯುತ್ತಾನೆ. ಆಮೇಲೆ ಬೇಕರಿಗೆ ಮರಳುತ್ತಾನೆ. ಹಿಂದೆ ಗೇಲಿ ಮಾಡಿದವರೇ ಈಗ ಅವನ ಪರ ನಿಲ್ಲುತ್ತಾರೆ. ಆದರೂ ಅಲ್ಲಿ ಉಳಿಯುವುದಿಲ್ಲ. ತಾನಾಗಿಯೇ ವಾರೆನ್ ಎಂಬ ವಸತಿ ಸಂಸ್ಥೆಗೆ ಹೊರಡುತ್ತಾನೆ. ಜನ ‘ಅಯ್ಯೋ ಪಾಪ’ ಅನ್ನುವುದು ಅವನಿಗೆ ಬೇಡ. ಬುದ್ಧಿ ಹೋದ ಮೇಲೂ ಆ ನಾಚಿಕೆ ಹೇಗೆ ಉಳಿಯಿತು? ಇದನ್ನು ಕೆದಕಿ.

ಕೊಡಗೂ ಒಂದು ಏದೆನ್ ಅನ್ನುವ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಅದು ಹೋಂಸ್ಟೇ ಬೋರ್ಡಿನ ಮಾತು. ಕಾಫಿ ತೋಟದಲ್ಲಿ ಆನೆ ಇದೆಯಾ ಅಂತ ವಿಚಾರಿಸಿಕೊಂಡು ಕೆಲಸದವರನ್ನು ಕಳಿಸುವ ಊರಿನವರು ನೀವು!

ನಾಲ್ಕು ಪುಟ ಮೀರದ ಹಾಗೆ ಹೊಸದಾಗಿ ಬರೆದು ಕಳಿಸಿ. ಕಾಫಿ ಕೊಯ್ಲಿಗೆ ಮೊದಲೇ ಆದರೆ ಒಳ್ಳೆಯದು. ಆಮೇಲೆ ನಿಮಗೂ ಪುರುಸೊತ್ತಿರುವುದಿಲ್ಲ, ನನಗೂ ಇರುವುದಿಲ್ಲ.

ಸಂಪಾದಕ, ಮಡಿಕೇರಿ