ಪಾಲಿಕೆ ಚಾಳಿನ ರೀಡೆವಲಪ್‌ಮೆಂಟ್: ಇಬ್ಬರು ಬಿಲ್ಡರ್‌ಗಳಲ್ಲಿ ಯಾರ ಹೆಸರು ಕಳಿಸೋದು?

ಮುಂಬೈ ಪಾಲಿಕೆಯ ನಿಮ್ಮ ಚಾಳು, ಅಂದರೆ ಸಾಲು ಖೋಲಿಗಳ ಹಳೇ ಬಾಡಿಗೆ ಕಟ್ಟಡ, ಕೆಡವಿ ಹೊಸದು ಕಟ್ಟೋಕೆ ಇಬ್ಬರು ಬಿಲ್ಡರ್‌ಗಳು ಬಂದಿದ್ದಾರೆ; ಒಬ್ಬ ಐವತ್ತು ಚದರಡಿ ಜಾಸ್ತಿ ಕೊಡ್ತಾನೆ, ಇನ್ನೊಬ್ಬ ಹೆಸರಿರುವವನು, ಪಾಲಿಕೆಗೆ ಯಾರ ಹೆಸರು ಕಳಿಸೋಣ ಅಂತ ಕೇಳಿದ್ದೀರಿ. ಲೋವರ್ ಪರೇಲ್ ಕಡೆಯ ನಮ್ಮ ಚಾಳಿನಲ್ಲೂ ಥೇಟ್ ಇದೇ ಮಾತು ನಡೆದಿತ್ತು.

ನಮ್ಮದೂ ಪಾಲಿಕೆಯದೇ ಚಾಳು. ಅಪ್ಪಯ್ಯ ಕುಂದಾಪುರದಿಂದ ಬಂದು ಹೋಟೆಲ್‌ನಲ್ಲಿ ದುಡಿಯುತ್ತಾ ಹಿಡಿದ ಖೋಲಿ, ಒಂದೇ ಕೋಣೆಯ ಮನೆ. ಸಂಡಾಸಿಗೆ ಸಾಲು, ಮಳೆಗಾಲ ಬಂತೆಂದರೆ ಗ್ಯಾಲರಿಗೆ ತಾಡಪಾಲು. ಹೊಸ ಮನೆ ಯಾರಿಗೆ ಬೇಡ ಹೇಳಿ? ಭಾನುವಾರದ ಮೀಟಿಂಗ್‌ನಲ್ಲಿ ಸೆಕ್ರೆಟರಿ ಕರಿಹಲಗೆ ಮೇಲೆ ಎರಡೇ ಅಂಕಿ ಬರೆದರು, ಇಬ್ಬರು ಬಿಲ್ಡರ್‌ಗಳು ಕೊಡ್ತೀವಿ ಅಂದ ಹೊಸ ಮನೆಯ ಚದರಡಿ: 405, 460. 460ರ ಕೆಳಗೆ ಸೀಮೆಸುಣ್ಣದಿಂದ ಎರಡು ಗೆರೆ ಬೇರೆ ಎಳೆದರು. ಮೂಲೆಮನೆಯ ಟೀಚರ್ ಒಬ್ಬರು, 'ಹೊಸ ಮನೆ ಆಗೋವರೆಗೆ ಬಿಲ್ಡರ್ ಕೊಡೋ ಬಾಡಿಗೆ ಕಥೆ ಏನು?' ಅಂದರು. 'ಹನ್ನೊಂದು ತಿಂಗಳ ಚೆಕ್ ಮೊದಲೇ ಕೊಡ್ತಾರೆ' ಅಂತ ಉತ್ತರ ಬಂತು. ಎಲ್ಲರೂ 460ಕ್ಕೇ ತಲೆ ಆಡಿಸಿದೆವು. ಚಹಾ ಬಂತು. ಮುಗೀತು.

ನಾವು ಕೆಟ್ಟಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ಇದನ್ನು ಯಾವ ಬಿಲ್ಡರೂ ಬಾಯಿಬಿಟ್ಟು ಹೇಳೋದಿಲ್ಲ.

ಮುಂದಿನ ತಾರೀಖು ಹಾಕಿದ ಚೆಕ್ ಅಂದರೆ ಹಣ ಅಲ್ಲ. ಆ ದಿನ ನನ್ನ ಖಾತೆಯಲ್ಲಿ ಹಣ ಇರುತ್ತೆ ಅಂತ ಬಿಲ್ಡರ್ ಕೊಡುವ ಮಾತು, ಅಷ್ಟೇ. ಮೊದಲ ವರ್ಷ ಚೆಕ್ಕುಗಳು ಪಾಸಾದವು. ಅಷ್ಟರಲ್ಲಿ ನಾವು ಡೊಂಬಿವಲಿಗೆ ಬಾಡಿಗೆಗೆ ಹೋಗಿ ಆಗಿತ್ತು, ಚಾಳು ನೆಲಸಮ ಆಗಿತ್ತು. ಎರಡನೇ ಕಂತಿನ ಚೆಕ್ ಬ್ಯಾಂಕಿಂದ ವಾಪಸ್ ಬಂತು, ಹಿಂದೆ ಒಂದು ಚೀಟಿ ಪಿನ್ ಹೊಡೆದು: ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. ಹೊಸ ಚೆಕ್ ಕೊಡ್ತೀವಿ ಅಂದರು, ಕಾದೆವು. ಚೆಕ್ ವಾಪಸಾದ ಸುದ್ದಿ ಬ್ಯಾಂಕಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ 138ನೇ ಸೆಕ್ಷನ್ ಕೇಸು, ಅದೇ ಚೆಕ್ ಬೌನ್ಸ್ ಕೇಸು. ಕಾದವರ ನೋಟಿಸ್ ಗಡುವು ದಾಟಿತು. ಚೆಕ್ ಯಾರ ಹೆಸರಲ್ಲಿದೆಯೋ ಅವರೇ ಕೋರ್ಟಿಗೆ ಹೋಗಬೇಕು ಅನ್ನೋದೂ ಆಮೇಲೆ ಗೊತ್ತಾಯಿತು. ಚಾಳಿನ ಅರ್ಧ ಜನ ವಯಸ್ಸಾದವರು. ಯಾರು ಓಡಾಡ್ತಾರೆ?

ಇತ್ತ ನಮ್ಮ ಮನೆ ಮಾಲೀಕರಿಗೆ ಬಿಲ್ಡರ್ ಕಥೆ ಬೇಕಾಗಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಅಗ್ರಿಮೆಂಟ್, ಬಾಡಿಗೆ ಏರಿಕೆ. ಮನೆ ಬದಲಾದರೆ ದಲಾಲಿ, ಟೆಂಪೋ ಖರ್ಚು. ಅಮ್ಮನ ಕಪಾಟಿನ ಒಂದು ಬಾಗಿಲು ಆ ಟೆಂಪೋದಲ್ಲೇ ಹೋಯಿತು. ಅತ್ತ ನಮ್ಮ ಜಾಗದ ಸುತ್ತ ನೀಲಿ ತಗಡು, ಒಳಗೆ ನೀರು ತುಂಬಿದ ಗುಂಡಿ. ಖೋಲಿಯಲ್ಲಿ ಇದ್ದಷ್ಟು ದಿನ ಬಿಲ್ಡರ್ ಮನೆಗೇ ಬಂದು ಅಮ್ಮನ ಕಾಲು ಮುಟ್ಟಿದ್ದ. ಕೀಲಿ ಕೊಟ್ಟ ಮೇಲೆ ಫೋನೂ ಎತ್ತಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ, ಬೇಜಾರಾಗಬೇಡಿ. ಇಬ್ಬರಲ್ಲಿ ಯಾರು ಅನ್ನೋದು ಆಮೇಲೆ. ಬಾಡಿಗೆಗೆ ಬ್ಯಾಂಕ್ ಗ್ಯಾರಂಟಿ ಕೊಡ್ತಾರಾ? ಎಷ್ಟು ವರ್ಷಕ್ಕೆ? ಅದನ್ನು ಮೊದಲು ಕೇಳಿ. ಬಿಲ್ಡರ್ ತಪ್ಪಿದರೆ ಬ್ಯಾಂಕ್ ಕೊಡಬೇಕು, ಹಾಗಿರಬೇಕು ಕಾಗದ. ಮೂರು ವರ್ಷದಲ್ಲಿ ಮುಗಿಸ್ತೀವಿ ಅಂತ ಹೇಳಿದರೆ ನಗಬೇಡಿ, ಆದರೆ ನಂಬಲೂ ಬೇಡಿ. ವರ್ಳಿಯ ಬಿಡಿಡಿ ಚಾಳು ನೋಡಿ. ಅಲ್ಲಿ ಬಿಲ್ಡರ್ ಜಾಗದಲ್ಲಿ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾ ಇದೆ, ಹಿಂದೆ ಸರ್ಕಾರವೇ ನಿಂತಿದೆ. 160 ಚದರಡಿ ಖೋಲಿಗೆ 500 ಚದರಡಿ ಮನೆ. 2017ರಲ್ಲಿ ಭೂಮಿಪೂಜೆ, ಮೊದಲ 556 ಕುಟುಂಬಗಳಿಗೆ ಕೀಲಿ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಸರ್ಕಾರದ ಕೆಲಸಕ್ಕೇ ಎಂಟು ವರ್ಷ ಹಿಡಿಯಿತು. ನಿಮ್ಮ ಬಾಡಿಗೆಯನ್ನೂ ಅಷ್ಟಕ್ಕೇ ಲೆಕ್ಕ ಹಾಕಿ.

ಆ ಐವತ್ತು ಚದರಡಿ ಎಲ್ಲಿಂದ ಬರುತ್ತೆ ಅಂತಲೂ ಕೇಳಿ. ಇಷ್ಟು ಜಾಗದಲ್ಲಿ ಇಷ್ಟೇ ಕಟ್ಟಬಹುದು ಅನ್ನೋ ಎಫ್‌ಎಸ್‌ಐ ನಿಯಮ ಇಬ್ಬರಿಗೂ ಒಂದೇ. ನಿಮಗೆ ಜಾಸ್ತಿ ಕೊಟ್ಟರೆ ಅವರಿಗೆ ಮಾರೋಕೆ ಉಳಿಯೋದು ಕಮ್ಮಿ. ಮಾರ್ಕೆಟ್ ಬಿದ್ದ ದಿನ ಮೊದಲು ನಿಲ್ಲೋದು ನಿಮ್ಮ ಬಾಡಿಗೆ.

ಪಾಲಿಕೆಯವರು ಎಲ್ಲ ನೋಡಿಕೊಳ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನೂ ಬಿಡಿ. ಪಾಲಿಕೆ ಜಾಗದ ಚಾಳಿನಲ್ಲಿ ಮುಂಬೈ ಕಟ್ಟಡ ನಿಯಮಾವಳಿಯ 33(7)ರಡಿ ಬಿಲ್ಡರ್ ಹೆಸರು ಹೋಗೋದು ಬಾಡಿಗೆದಾರರ ಸೊಸೈಟಿಯಿಂದ. ಪಾಲಿಕೆಯ ಎಸ್ಟೇಟ್ ಖಾತೆ ಅನೆಕ್ಶರ್-2ರಲ್ಲಿ ಯಾರು ಅರ್ಹರು ಅಂತ ಪಟ್ಟಿ ಮಾಡುತ್ತೆ, ಪ್ರಸ್ತಾವ ಕಾರ್ಪೊರೇಟರುಗಳ ಸುಧಾರ ಸಮಿತಿಗೆ ಹೋಗುತ್ತೆ. 2022ರ ಮಾರ್ಚ್ ಆದಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಯಾರೇ ಕೂತಿರಲಿ, ನಿಮ್ಮ ಬಾಡಿಗೆ ಕರಾರು ನೀವೇ ಬರೆಸಿಕೊಳ್ಳಬೇಕು. ಅಂದಹಾಗೆ ಅನೆಕ್ಶರ್-2ರಲ್ಲಿ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಈಗಲೇ ನೋಡಿಕೊಳ್ಳಿ. ನಮ್ಮ ಊರಿನ ಹೆಸರುಗಳು ಅಲ್ಲಿ ಏನೇನೋ ಆಗ್ತವೆ.

ಹೆಸರಿರುವ ಬಿಲ್ಡರ್ ಆದರೆ ಸೇಫ್ ಅಂತಲೂ ಇಲ್ಲ. ಇಬ್ಬರೂ ಮುಗಿದ ಬಿಲ್ಡಿಂಗ್ ತೋರಿಸೋಕೆ ಬಸ್ಸು ಮಾಡ್ತಾರೆ. ಹೋಗಿ, ಊಟ ಮಾಡಿ ಬನ್ನಿ. ಆಮೇಲೆ ಬಿಲ್ಡರ್‌ಗಳ ಪ್ರಾಜೆಕ್ಟ್ ನೋಂದಾಯಿಸೋ ಸರ್ಕಾರಿ ಸಂಸ್ಥೆ ಮಹಾರೇರಾದ ಸೈಟಿನಲ್ಲಿ ಅವರ ಅರ್ಧ ನಿಂತಿರುವ ಕೆಲಸಗಳನ್ನು ಹುಡುಕಿ, ಮುಗಿಸುವ ತಾರೀಖು ಎಷ್ಟು ಸಲ ಮುಂದೆ ಹೋಗಿದೆ ನೋಡಿ. ಅಲ್ಲಿನ ಹಳೇ ಬಾಡಿಗೆದಾರರು ಈಗ ಎಲ್ಲಿದ್ದಾರೆ ವಿಚಾರಿಸಿ, ಈ ತಿಂಗಳ ಬಾಡಿಗೆ ಬಂತಾ ಅಂತ ಕೇಳಿ.

ನಮ್ಮದು ಕೊನೆಗೆ ಬಿಲ್ಡರ್ ಬದಲಾಗಿ ಈಗ ಕೆಲಸ ನಡೀತಿದೆ. ಹೊಸಬರು ಕೊಡೋದು 405. ಒಬ್ಬರೂ ತಕರಾರು ಮಾಡಲಿಲ್ಲ.

ಕರಾರಿನ ಕರಡು ಕೈಗೆ ಬಂದಾಗ ಬಾಡಿಗೆ ಇರುವ ಪುಟ ಇಲ್ಲಿ ಹಾಕಿ, ಹೆಸರುಗಳನ್ನು ಅಳಿಸಿ. ನೋಡಿ ಹೇಳ್ತೀನಿ. ಮರಾಠಿಯಲ್ಲಿದ್ದರೂ ಪರವಾಗಿಲ್ಲ.