ಕಲಬುರಗಿ ಕಡೆ ಹೆಂಗಸರೇ ಸೇರಿ ಜೀಪ್ ಟ್ರೇಲ್ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು. ಕಲಬುರಗಿಯಲ್ಲಿ ಎಂಟು ಜನ ಗೆಳತಿಯರಿದ್ದೀರಿ. ಎರಡು ಥಾರ್, ಒಂದು ಜಿಮ್ನಿ, ಒಂದು ಹಳೆ ಜಿಪ್ಸಿ ಇದೆ. ಹೆಂಗಸರೇ ಓಡಿಸುವ ಒಂದು ದಿನದ ಆಫ್‌ರೋಡ್ ಟ್ರೇಲ್, ಅಂದರೆ ಡಾಂಬರು ಬಿಟ್ಟು ಮಣ್ಣು-ಕಲ್ಲಿನ ದಾರಿಯಲ್ಲಿ ಸುತ್ತಾಟ, ಮಾಡಬೇಕು. ಮನೆಯಲ್ಲಿ "ಒಬ್ಬ ಗಂಡಸಾದರೂ ಜೊತೆಗಿರಲಿ" ಅನ್ನುತ್ತಿದ್ದಾರೆ. ಎಲ್ಲಿಗೆ ಹೋಗಬೇಕು, ಚಿಂಚೋಳಿ ಕಾಡಿಗೆ ಹೋಗಬಹುದಾ, ಏನು ತಯಾರಿ ಬೇಕು, ಮನೆಯವರಿಗೆ ಏನು ಹೇಳಬೇಕು?

ನಾನು ಬೀದರ್‌ನವಳು. ಗೆಳತಿಯರ ಜೊತೆ ಸೇರಿ ಈ ಕಡೆ ಇಂಥ ಟ್ರೇಲ್ ಮಾಡುತ್ತಾ ಬಂದಿದ್ದೇನೆ. ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಟ್ರೇಲ್ ಹೇಗಿರುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಗಂಡಸರು ಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನನಗೆ ಗಾಡಿ ಕಲಿಸಿದ್ದೇ ನಮ್ಮ ಕಾಕಾ. ಆದರೆ ಗಾಡಿ ಹಳ್ಳದಲ್ಲಿ ಸಿಕ್ಕಿಬಿದ್ದಾಗ ಏನಾಗುತ್ತದೆ ನೋಡಿ. ಜೊತೆಗೆ ಒಬ್ಬ ಅಣ್ಣನೋ ಗಂಡನೋ ಇದ್ದರೆ ಎಲ್ಲರ ಕಣ್ಣು ಅವರ ಕಡೆ ಹೋಗುತ್ತದೆ. ಅವರೂ ಒಳ್ಳೆಯ ಮನಸ್ಸಿನಿಂದಲೇ "ಇಳಿಯವಾ ತಂಗಿ, ನಾ ತಗಿತೀನಿ" ಅನ್ನುತ್ತಾರೆ. ಗಾಡಿ ಹೊರಗೆ ಬರುತ್ತದೆ. ಓಡಿಸುತ್ತಿದ್ದವಳು ಪಕ್ಕದ ಸೀಟಿಗೆ ಹೋಗಿರುತ್ತಾಳೆ. ಮುಂದಿನ ಹಳ್ಳ ಬಂದಾಗ ಅವಳಿಗೆ ಕೈ ನಡುಗುತ್ತದೆ, ಅಲ್ವಾ? ಅದಕ್ಕೇ ಹಗ್ಗ ಯಾರ ಕೈಯಲ್ಲಿದೆ, ಗಾಡಿ ಮುಂದೆ ನಿಂತು ದಾರಿ ತೋರಿಸುವವರು ಯಾರು, "ಇಲ್ಲಿಂದ ವಾಪಸ್" ಅನ್ನುವವರು ಯಾರು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಮುಂದಿನ ಗಾಡಿ, ಕೊನೆಯ ಗಾಡಿ, ಕೈಸನ್ನೆ ಮಾಡುವವಳು, ಹಗ್ಗ ಕಟ್ಟುವವಳು: ಈ ನಾಲ್ಕು ಕೆಲಸ ನಿಮ್ಮ ಎಂಟು ಜನರಲ್ಲೇ ಇರಬೇಕು, ಮಧ್ಯಾಹ್ನದ ಮೇಲೆ ಅದಲುಬದಲಾಗಬೇಕು. ಒಂದು ಗಾಡಿಗೆ ಇಬ್ಬರು, ಇಬ್ಬರೂ ಓಡಿಸಬೇಕು. ಸುಮ್ನೆ ಕೂತು ಬರುವವರು ಮೊದಲ ಸಲ ಬೇಡ. ಮಕ್ಕಳಂತೂ ಬೇಡವೇ ಬೇಡ.

ಮನೆಯವರ ಭಯ ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ನಾವು ಮಾಡುವುದು ಹೀಗೆ: ಟ್ರೇಲ್‌ಗೆ ಒಂದು ವಾರ ಮುಂಚೆ ಒಂದು ಅಭ್ಯಾಸದ ದಿನ ಇಟ್ಟುಕೊಳ್ಳುತ್ತೇವೆ, ಅವತ್ತು ಮನೆಯವರನ್ನೆಲ್ಲ ಕರೆಯುತ್ತೇವೆ. ಅತ್ತೆ, ಮಾವ, ಗಂಡ, ಅಪ್ಪ ಯಾರು ಬೇಕಾದರೂ ಬರಲಿ. ಸೊಸೆ ಸಿಕ್ಕಿಬಿದ್ದ ಗಾಡಿಯನ್ನು ತಾನೇ ಹಗ್ಗ ಕಟ್ಟಿ ಎಳೆಸುವುದನ್ನು ಅವರು ಕಣ್ಣಾರೆ ನೋಡಬೇಕು. ಅದಾದ ಮೇಲೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಟ್ರೇಲ್ ದಿನ ಮನೆಯಲ್ಲಿ ಇಬ್ಬರ ಹತ್ತಿರ ನಿಮ್ಮ ದಾರಿಯ ನಕ್ಷೆ ಇರಲಿ. ಎಷ್ಟು ಗಂಟೆಗೆ ಯಾವ ಊರು ದಾಟಿ ಫೋನ್ ಮಾಡುತ್ತೀರಿ ಅನ್ನುವುದೂ ಬರೆದಿರಲಿ.

ಮೊರಾಕ್ಕೋದ ಮರುಭೂಮಿಯಲ್ಲಿ 1990ರಿಂದ ಹೆಂಗಸರಿಗಾಗಿಯೇ ನಡೆಯುವ ಒಂದು ರ‍್ಯಾಲಿ ಇದೆ, ಗಸೆಲ್ ರ‍್ಯಾಲಿ ಅನ್ನುತ್ತಾರೆ. ಜಿಪಿಎಸ್ ಇಲ್ಲ, ನಕ್ಷೆ ಮತ್ತು ದಿಕ್ಸೂಚಿ ಅಷ್ಟೇ. ಅಲ್ಲಿ ವೇಗಕ್ಕೆ ಬೆಲೆ ಇಲ್ಲ. ಹೇಳಿದ ಜಾಗಗಳನ್ನೆಲ್ಲ ಮುಟ್ಟಿ ಅತಿ ಕಡಿಮೆ ದೂರ ಓಡಿಸಿದವರು ಗೆಲ್ಲುತ್ತಾರೆ. ನನಗೆ ಈ ನಿಯಮ ತುಂಬಾ ಹಿಡಿಸಿತು. ಇಳಿದು ನೋಡುವುದು, ಯೋಚಿಸುವುದು, ಸುತ್ತು ಹೊಡೆಯದೆ ಸರಿಯಾದ ಗೆರೆ ಹಿಡಿಯುವುದು: ನಿಮ್ಮ ಟ್ರೇಲ್‌ಗೂ ಇದನ್ನೇ ನಿಯಮ ಮಾಡಿಕೊಳ್ಳಿ. ಇಡೀ ದಿನಕ್ಕೆ 12–15 ಕಿಲೋಮೀಟರ್ ಮಣ್ಣಿನ ದಾರಿ ಸಾಕು.

ಈಗ ಜಾಗ. ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳ ನೆಲ ಒಂದೇ ತರಹ ಇಲ್ಲ. ಕಲಬುರಗಿ ಸುತ್ತ ಜಾಸ್ತಿ ಎರೆ ಭೂಮಿ. ಒಣಗಿದಾಗ ಗಟ್ಟಿ, ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿದ್ದರೆ ಟೈರಿಗೆ ನಾದಿದ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಟೈರಿನ ಗೀರುಗಳೆಲ್ಲ ತುಂಬಿ ನುಣ್ಣಗಾದ ಮೇಲೆ ನಾಲ್ಕು ಚಕ್ರ ತಿರುಗಿದರೂ ಗಾಡಿ ಕದಲುವುದಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲಿನ ನೆಲ. ಅಲ್ಲಿ ಬಿಟ್ಟುಹೋದ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಖಣಿಗಳು ನೋಡಲು ಆಸೆ ಹುಟ್ಟಿಸುತ್ತವೆ, ಆದರೆ ಅಂಚು ನೇರ ಕೆಳಗೆ ಇಳಿಯುತ್ತದೆ, ತಳದಲ್ಲಿ ಆಳವಾದ ನೀರು. ಅವುಗಳ ಹತ್ತಿರವೂ ಗಾಡಿ ಒಯ್ಯಬೇಡಿ. ಶಹಾಪುರ, ಸುರಪುರದ ಬಂಡೆಗುಡ್ಡಗಳು ಚೆಂದ. ಆದರೆ ಅಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ನೀರು ಬರುತ್ತದೆ, ಖಾಲಿ ಹೊಲ ಸಿಗುವುದು ಕಷ್ಟ. ಭೀಮಾ ನದಿಯ ಪಾತ್ರಕ್ಕೂ ಇಳಿಯಬೇಡಿ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ.

ಹಾಗಾಗಿ ಮೊದಲ ಟ್ರೇಲ್‌ಗೆ ಬೀದರ್–ಹುಮನಾಬಾದ್ ಕಡೆಯ ಕೆಂಪು ಮುರುಮ್ (ಗರಸು ಮಣ್ಣು) ನೆಲಕ್ಕೆ ಬನ್ನಿ. ಕಲಬುರಗಿಯಿಂದ ಹುಮನಾಬಾದ್ ಸುಮಾರು 60 ಕಿಲೋಮೀಟರ್. ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು ಇದು. ನೀರು ಬೇಗ ಇಂಗುತ್ತದೆ, ಟೈರ್ ಚೆನ್ನಾಗಿ ಹಿಡಿಯುತ್ತದೆ, ಸಣ್ಣ ಏರು, ಇಳಿಜಾರು, ಒಣ ಹಳ್ಳ ಎಲ್ಲ ಒಂದೇ ಕಡೆ ಸಿಗುತ್ತವೆ. ಇಳಿಜಾರಿನಲ್ಲಿ ಸಣ್ಣ ಹರಳು ಉರುಳುತ್ತವೆ, ಅಲ್ಲಿ ಮಾತ್ರ ನಿಧಾನ.

ಚಿಂಚೋಳಿ ಕಾಡಿನ ಬಗ್ಗೆಯೂ ಕೇಳಿದ್ದೀರಿ. ಅದು 2011ರಲ್ಲಿ ವನ್ಯಜೀವಿ ಧಾಮವಾಗಿದೆ, ಸುಮಾರು 135 ಚದರ ಕಿಲೋಮೀಟರ್. ಧಾಮದೊಳಗೆ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ, ಒಳಗೆ ಹೋಗುವುದಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು. ಚಂದ್ರಂಪಳ್ಳಿ ಡ್ಯಾಮ್, ಎತ್ತಿಪೋತ ಜಲಪಾತ ನೋಡಲು ಇನ್ನೊಂದು ದಿನ ಡಾಂಬರು ರಸ್ತೆಯಲ್ಲಿ ಹೋಗಿ. ಬೀದರ್ ಸುತ್ತಲಿನ ಮೀಸಲು ಅರಣ್ಯಕ್ಕೂ ಇದೇ ಮಾತು. ಬಯಲಿನಲ್ಲಿ ಕೃಷ್ಣಮೃಗದ ಹಿಂಡು ಎದುರಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅವು ದಾಟಿ ಹೋಗಲಿ. ಡ್ರೋನ್ ತರುವ ಯೋಚನೆ ಇದ್ದರೆ ಬಿಡಿ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಉಳಿದದ್ದು ಖಾಸಗಿ ಜಮೀನು. ಬೀಳು ಬಿಟ್ಟ ಜಮೀನಿನ ಮಾಲೀಕರನ್ನು ಮನೆಗೇ ಹೋಗಿ ಕೇಳಿ. ಫೋನಿನಲ್ಲಿ ಮುಗಿಸಬೇಡಿ. ಯಾವ ದಿನ, ಎಷ್ಟು ಗಾಡಿ, ಎಲ್ಲಿಂದ ಎಲ್ಲಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ದಾರಿ ಗಾಯರಾಣದಲ್ಲಿ (ಊರ ದನ ಮೇಯುವ ಗೋಮಾಳ) ಹಾದು ಹೋದರೆ ಗ್ರಾಮ ಪಂಚಾಯ್ತಿಯಲ್ಲೂ ಕೇಳಿ. ನಾವು ಒಂದು ಊರಿನಲ್ಲಿ ಕೇಳಲು ಹೋದಾಗ ಆ ಮನೆಯ ಹೆಣ್ಣುಮಗಳು ಹೇಳಿದ್ದು ಒಂದೇ ಮಾತು: "ಅಕ್ಕಾರ, ಬದು ಮಾತ್ರ ಮುರಿಬ್ಯಾಡ್ರಿ. ಬದು ಹೋದ್ರ ಮಳಿಗಾಲಕ್ಕ ಮಣ್ಣೆಲ್ಲಾ ಹರಕೊಂಡ್ ಹೋಗ್ತದ." ಅವರ ಪಾಲಿಗೆ ಅದು ವರ್ಷದ ಬೆಳೆಯ ಪ್ರಶ್ನೆ. ಬಂಡಿ ದಾರಿ ಇರುವ ಕಡೆ ಬಂಡಿ ದಾರಿಯಲ್ಲೇ ಹೋಗಿ. ಬದು ದಾಟಲೇಬೇಕಾದರೆ ಮೊದಲೇ ಕೇಳಿ ಒಂದೇ ಜಾಗದಲ್ಲಿ ದಾಟಿ, ಸಂಜೆ ಸಲಿಕೆ ಹಿಡಿದು ಸರಿ ಮಾಡಿ ಹೊರಡಿ.

ಕಾಲ ಜನವರಿ ಕೊನೆಯಿಂದ ಫೆಬ್ರುವರಿ. ಅಷ್ಟು ಹೊತ್ತಿಗೆ ತೊಗರಿ ರಾಶಿ ಮುಗಿಯುತ್ತಾ ಬಂದಿರುತ್ತದೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಇನ್ನೂ ನಿಂತಿರುತ್ತವೆ, ಆ ಕಡೆ ಹೋಗಲೇಬಾರದು. ಇನ್ನೂ ಮುಂಚೆ ಇಟ್ಟುಕೊಳ್ಳುವುದಾದರೆ ಎಳ್ಳ ಅಮಾವಾಸ್ಯೆ ದಿನ ಮಾತ್ರ ಬೇಡ. ಅವತ್ತು ಊರಿಗೆ ಊರೇ ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಕೊಟ್ಟು) ಭಜ್ಜಿ ಉಣ್ಣುತ್ತಾ ಕೂತಿರುತ್ತದೆ, ನಡುವೆ ನಮ್ಮ ಧೂಳು ಯಾಕೆ? ಏಪ್ರಿಲ್–ಮೇನಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮನುಷ್ಯರೂ ಗಾಡಿಯೂ ತಡೆಯುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಮಣ್ಣಿಗೆ ಇಳಿದು ಮಧ್ಯಾಹ್ನ ಮೂರಕ್ಕೆ ಮುಗಿಸಿ. ಕತ್ತಲಾಗುವುದರೊಳಗೆ ಹೆದ್ದಾರಿಯಲ್ಲಿರಬೇಕು.

ಅಭ್ಯಾಸದ ದಿನಕ್ಕೆ ಬರುತ್ತೇನೆ, ಇದಕ್ಕೇ ಹೆಚ್ಚು ಸಮಯ ಕೊಡಿ. ಪೇಟೆಯಲ್ಲಿ ಹತ್ತು ವರ್ಷ ಕಾರು ಓಡಿಸಿದವರಿಗೂ ಎರಡನೇ ಲಿವರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್ ವೀಲ್ ಹಾಕುವ ಲಿವರ್, ಮುಟ್ಟಿ ಗೊತ್ತಿರುವುದಿಲ್ಲ. ಮೊದಲು ಸೀಟು. ನಮ್ಮ ಎತ್ತರಕ್ಕೆ ಕ್ಲಚ್ ಪೂರ್ತಿ ಒತ್ತಲು ಆಗಬೇಕು, ಬಾನೆಟ್ ಆಚೆಯ ನೆಲ ಕಾಣಬೇಕು. ಬೇಕಾದರೆ ಜಾರದ ಹಾಗೆ ಗಟ್ಟಿ ದಿಂಬು ಕಟ್ಟಿಕೊಳ್ಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನಮ್ಮಲ್ಲಿ ಅರ್ಧ ಭಯ ಹೋಗುವುದು ಸೀಟು ಸರಿಯಾದಾಗಲೇ. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸಿಗಿಸಬೇಡಿ, ಕಲ್ಲಿಗೆ ಚಕ್ರ ಬಡಿದರೆ ಸ್ಟೀರಿಂಗ್ ಫಟ್ಟನೆ ತಿರುಗಿ ಬೆರಳು ಮುರಿಯಬಹುದು. ಮಣ್ಣಿಗೆ ಇಳಿಯುವ ಮುಂಚೆ ಟೈರಿಗೆ ಕಂಪನಿ ಹೇಳಿದ ಗಾಳಿಯಲ್ಲಿ ಸುಮಾರು ಕಾಲು ಭಾಗ ಇಳಿಸಿ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಿ, ಫೋರ್ ವೀಲ್ ತೆಗೆದು ಟೂ ವೀಲ್‌ಗೆ ತನ್ನಿ. ನಿಮ್ಮ ತರಹದ ಗಾಡಿಗಳನ್ನು ಒಣ ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲಿ ಓಡಿಸಿದರೆ ಗೇರಿನ ಭಾಗಗಳಿಗೆ ಪೆಟ್ಟು.

ಇಳಿಜಾರಿನಲ್ಲಿ ಲೋ ರೇಂಜ್ (ಅದೇ ಲಿವರ್‌ನಲ್ಲಿ ಹಾಕುವ, ನಿಧಾನ ಆದರೆ ಹೆಚ್ಚು ಎಳೆತದ ಫೋರ್ ವೀಲ್), ಮೊದಲ ಗೇರ್, ಕ್ಲಚ್ ಮೇಲೆ ಕಾಲು ಇಡಬಾರದು. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಏರಿನಲ್ಲಿ ಅರ್ಧಕ್ಕೆ ನಿಂತುಹೋದರೆ ಬ್ರೇಕ್ ಒತ್ತಿ ಹಿಡಿಯಿರಿ, ರಿವರ್ಸ್ ಹಾಕಿ, ಬಂದ ಗೆರೆಯಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಿರಿ. ಅಲ್ಲೇ ಅಡ್ಡ ತಿರುಗಿಸಲು ಹೋಗಲೇಬೇಡಿ, ಗಾಡಿ ಪಲ್ಟಿಯಾಗುವುದು ಹೀಗೆಯೇ. ಈ ಒಂದನ್ನು ಎಂಟೂ ಜನ ಸಣ್ಣ ದಿಬ್ಬದ ಮೇಲೆ ಬೇಕೆಂದೇ ಎಂಜಿನ್ ಆಫ್ ಮಾಡಿ, ಬೇಸರ ಬರುವಷ್ಟು ಸಲ ಮಾಡಬೇಕು.

ಆಮೇಲೆ ಹಗ್ಗ. ಹಿಗ್ಗುವ ರಿಕವರಿ ಹಗ್ಗ ಒಂದು, ಸಾಫ್ಟ್ ಶಾಕಲ್ (ಹಗ್ಗವನ್ನು ಗಾಡಿಯ ಕೊಕ್ಕೆಗೆ ಸೇರಿಸುವ ಗಟ್ಟಿ ಹಗ್ಗದ ಕುಣಿಕೆ) ಎರಡು, ಸಲಿಕೆ, ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಬೆಂಕಿ ಆರಿಸುವ ಸಿಲಿಂಡರ್. ಎಳೆಯುವ ಮುಂಚೆ ಅಗೆಯಿರಿ. ಚಕ್ರದ ಮುಂದಿನ ಮಣ್ಣು ತೆಗೆದರೆ ಎಷ್ಟೋ ಸಲ ಹಗ್ಗವೇ ಬೇಡವಾಗುತ್ತದೆ. ಹಗ್ಗವನ್ನು ಚಾಸಿಗೆ ಸೇರಿದ ಗಟ್ಟಿ ಕೊಕ್ಕೆಗೆ ಮಾತ್ರ ಕಟ್ಟಿ, ಬಂಪರಿಗೋ ಟ್ರೇಲರ್ ಎಳೆಯುವ ಗುಂಡಿಗೋ ಅಲ್ಲ. ಅದು ಕಿತ್ತು ಬಂದರೆ ಜೀವ ಹೋಗುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಫೋಟೊ ತೆಗೆಯುವವರೂ ಸಹ. ಸನ್ನೆ ಮಾಡುವವಳು ಒಬ್ಬಳೇ, ಬೇರೆ ಯಾರೂ ಕೂಗಬಾರದು. ಆದರೆ "ನಿಲ್ಲಿಸು" ಅನ್ನುವ ಮಾತನ್ನು ಮಾತ್ರ ಯಾರು ಹೇಳಿದರೂ ಕೂಡಲೇ ನಿಲ್ಲಿಸಬೇಕು.

ನಮ್ಮ ಕಡೆ ಯಾವ ಹೊಲಕ್ಕೆ ಹೋದರೂ ಕೂಗಳತೆಯಲ್ಲಿ ಒಂದು ಟ್ರ್ಯಾಕ್ಟರ್ ಇರುತ್ತದೆ. ನಿಮ್ಮ ಕೈಲಿ ಆಗದಿದ್ದರೆ ದುಡ್ಡು ಕೊಟ್ಟು ಕರೆಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಕಬ್ಬಿಣದ ಸರಪಳಿ ತರುತ್ತಾರೆ, ಸಿಕ್ಕ ಕಡೆ ಬಿಗಿದು ಒಂದೇ ಸಲ ಜಗ್ಗುತ್ತಾರೆ. ಎಲ್ಲಿ ಕಟ್ಟಬೇಕು, ಎಷ್ಟು ನಿಧಾನ ಎಳೆಯಬೇಕು ಅಂತ ನೀವು ಹೇಳಬೇಕು. ಧ್ವನಿ ಏರಿಸಬೇಕಾಗಿಲ್ಲ, "ಅಣ್ಣಾ, ಸ್ವಲ್ಪ ತಡೀರಿ, ನಾ ಕಟ್ತೀನಿ" ಅಂತ ಮೊದಲು ನೀವೇ ಕೈ ಹಾಕಿದರೆ ಕೇಳುತ್ತಾರೆ.

ಸಣ್ಣ ಸಂಗತಿಗಳು ಅಂತ ಬಿಡುವ ಕೆಲವನ್ನು ಹೇಳಿಬಿಡುತ್ತೇನೆ. ಶೌಚಕ್ಕೆ ಮಡಚುವ ಪುಟ್ಟ ಟೆಂಟ್ ಒಂದನ್ನು ತನ್ನಿ. ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನಕ್ಕೆ ತಲೆ ಸುತ್ತುತ್ತದೆ. ಪ್ಯಾಡ್, ಪೇಪರ್, ಕಸ ವಾಪಸ್ ಒಯ್ಯುವ ಚೀಲ ಎಲ್ಲ ಗಾಡಿಯಲ್ಲೂ ಇರಲಿ. ದುಪಟ್ಟಾ, ಸಡಿಲ ಸೆರಗು ಬೇಡ, ಹಗ್ಗದ ಕೆಲಸದಲ್ಲಿ ಸಿಕ್ಕಿಕೊಳ್ಳುತ್ತದೆ. ಬೂಟು ಹಾಕಿಕೊಳ್ಳಿ. ಗಾಡಿಯಿಂದ ಗಾಡಿಗೆ ಮಾತಾಡಲು ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ವಾಕಿಟಾಕಿ ಸಾಕು. ಹತ್ತಿರದ ಪೊಲೀಸ್ ಠಾಣೆಗೆ ಹಿಂದಿನ ದಿನವೇ ಹೋಗಿ ತಿಳಿಸಿ. ಅಪಾಯ ಅಂದರೆ 112, ಆಂಬುಲೆನ್ಸ್‌ಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಬೀದರ್‌ನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್. ಟ್ರೇಲ್ ನಡೆಯುತ್ತಿರುವಾಗ ಫೋಟೊ ಹಾಕಬೇಡಿ, ಎಲ್ಲರೂ ಮನೆ ಸೇರಿದ ಮೇಲೆ ಹಾಕಿ. ಯಾರಿಗೆ ತಮ್ಮ ಮುಖ ಬೇಡವೋ ಅವರ ಫೋಟೊ ಹಾಕಲೇಬಾರದು.

ಪಂದ್ಯ, ಬಹುಮಾನ, ಸಮಯ ಅಳೆಯುವುದು ಯಾವುದೂ ಬೇಡ. ಸಾಮಾನ್ಯ ವಾಹನ ವಿಮೆಯಲ್ಲಿ ರೇಸಿಂಗ್, ವೇಗದ ಪರೀಕ್ಷೆಗೆ ರಕ್ಷಣೆ ಇರುವುದಿಲ್ಲ. ನಿಮ್ಮ ಪಾಲಿಸಿ ಮಣ್ಣಿನ ದಾರಿಯ ಹಾನಿಗೆ ಏನು ಹೇಳುತ್ತದೆ ಅಂತ ಕಂಪನಿಯಿಂದ ಬರಹದಲ್ಲಿ ಕೇಳಿಕೊಳ್ಳಿ. ಖರ್ಚು ಎಂಟು ಜನ ಸಮನಾಗಿ ಹಂಚಿಕೊಳ್ಳಿ.

ಊಟಕ್ಕೆ ಅದೇ ಊರಿನ ಸ್ತ್ರೀಶಕ್ತಿ ಸಂಘದವರಿಗೆ ಹೇಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಮುಂಗಡ ಕೊಟ್ಟು, ಸರಿಯಾದ ಬೆಲೆ ಕೊಡಿ. ಊಟವಾದ ಮೇಲೆ ಅವರೂ ಗಾಡಿ ಹತ್ತಿ ನೋಡುತ್ತೇವೆ ಅನ್ನುತ್ತಾರೆ. ಅದಕ್ಕೆ ಅರ್ಧ ಗಂಟೆ ಮೊದಲೇ ಎತ್ತಿಡಿ, ಸಮತಟ್ಟಾದ ಕಡೆ ಬೆಲ್ಟ್ ಹಾಕಿಸಿ ಒಂದು ಸುತ್ತು ಕರೆದೊಯ್ಯಿರಿ.

ಒಂದು ವಿಷಯ ಮಾತ್ರ ನಿಮ್ಮಿಂದ ಬೇಕು. ನಿಮ್ಮ ಎರಡೂ ಥಾರ್‌ಗಳಲ್ಲಿ ಗೇರ್ ಪಕ್ಕ ಇನ್ನೊಂದು ಸಣ್ಣ ಲಿವರ್ ಇದೆಯಾ ನೋಡಿ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಮಾದರಿಯೂ ಬರುತ್ತದೆ, ಅದರಲ್ಲಿ ಆ ಲಿವರ್ ಇರುವುದಿಲ್ಲ. ಅಂಥದ್ದಾದರೆ ಅದನ್ನು ಊಟದ ಜಾಗದಲ್ಲೇ ನಿಲ್ಲಿಸಿ, ಮೂರು ಗಾಡಿಯಲ್ಲಿ ಸರದಿ ಮಾಡಿಕೊಳ್ಳಿ. ನೋಡಿ ಇಲ್ಲೇ ಬರೆಯಿರಿ, ಅದಕ್ಕೆ ತಕ್ಕ ಹಾಗೆ ದಾರಿ ಹೇಳುತ್ತೇನೆ.